ಮಾತ್ಯೆಯ್ಕಾನ ಗಿಟಾರ್ ಸೊನಾಟಾ: ದಾರಿ ತಪ್ಪದೆ ಕಲಿಯೋದು ಹೇಗೆ?

ನಾನು ಮೊದಲ ಸಲ ಸ್ನೇಹಿತನ ಮನೆಯಲ್ಲಿ ನಾಲ್ಕು ಜನರ ಮುಂದೆ ಮಾತ್ಯೆಯ್ಕಾ ಅನ್ನೋ ಹಳೇ ವಿಯೆನ್ನಾ ರಚನಕಾರನ ಸೊನಾಟಾ (ಕೆಲವು ಭಾಗಗಳಿರುವ ವಾದ್ಯಕೃತಿ) ನುಡಿಸಿದ ದಿನ ಅದು ಮುಗಿಯಲೇ ಇಲ್ಲ. ಮರೆತು ನಿಲ್ಲಿಸಿಬಿಟ್ಟೆ ಅಂತ ತಿಳ್ಕೋಬೇಡಿ, ನಿಲ್ಲಿಸೋಕೇ ಆಗಲಿಲ್ಲ. ಮೊದಲ ಭಾಗದ ಕೊನೆಯ ಪುಟಕ್ಕೆ ಬಂದಿದ್ದೆ, ಇನ್ನೊಂದು ನಿಮಿಷದಲ್ಲಿ ಮುಗಿಯಬೇಕು, ಅಷ್ಟರಲ್ಲಿ ಒಂದು ಕಡೆ ಬೆರಳು ಹಳೇ ಅಭ್ಯಾಸಕ್ಕೆ ಮೊದಲ ಪುಟದ ದಾರಿ ಹಿಡಿಯಿತು, ನೋಡಿದರೆ ಮತ್ತೆ ನಡುವಿನ ಪುಟದಲ್ಲಿದ್ದೇನೆ, ಅಲ್ಲಿಂದ ಮತ್ತೆ ಕೊನೆಯ ಪುಟ, ಮತ್ತೆ ಅದೇ ಜಾಗ, ಅದೇ ತಪ್ಪು. ಎರಡನೇ ಸುತ್ತಿಗೆ ಬೆವರು ಬಂತು. ಮೂರನೇ ಸುತ್ತಿನಲ್ಲಿ ಕೈಗೆ ಸಿಕ್ಕಿದ ಒಂದು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಬಾರಿಸಿ ಎದ್ದುಬಿಟ್ಟೆ. ಸ್ನೇಹಿತನ ಅಮ್ಮ ಮಾತ್ರ "ಚೆನ್ನಾಗಿತ್ತಪ್ಪ, ಸ್ವಲ್ಪ ಉದ್ದ ಆಯ್ತು ಅಷ್ಟೇ" ಅಂದರು.

ಎರಡು ತಿಂಗಳು ದಿನಾ ನುಡಿಸಿದ್ದೆ. ಬೆರಳಿಗೆ ಎಲ್ಲ ಗೊತ್ತಿತ್ತು. ನನಗೇ ಏನೂ ಗೊತ್ತಿರಲಿಲ್ಲ. ಸೊನಾಟಾ ಎಲ್ಲಿಂದ ಹೊರಟು ಎಲ್ಲಿಗೆ ಹೋಗಿ ಹೇಗೆ ವಾಪಸ್ ಬರುತ್ತೆ ಅಂತ ಒಂದು ಸಲವೂ ಕೂತು ನೋಡಿರಲಿಲ್ಲ. ಆ ಎಡವಟ್ಟಿನ ನಂತರ ನಾನು ಕಲಿಯುವ ಕ್ರಮವನ್ನೇ ಬದಲಾಯಿಸಿದೆ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಸ್ಟಾಫ್ ನೊಟೇಷನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಓದಲು ಬರುವ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಪರೀಕ್ಷೆಗಳ ಲೆಕ್ಕದಲ್ಲಿ ನಾಲ್ಕನೇ ಐದನೇ ಗ್ರೇಡ್ ಮಟ್ಟದಲ್ಲಿರುವ, ನೈಲಾನ್ ತಂತಿಯ ಗಿಟಾರ್ ಇಟ್ಟುಕೊಂಡಿರುವವರಿಗೆ ಇದು. ಸ್ಟೀಲ್ ತಂತಿಯ ಗಿಟಾರ್ ಇದ್ದರೆ ಮೊದಲ ಎರಡು ಹಂತ ಓದಿ, ಕೇಳಿ, ಆಮೇಲೆ ಯಾರದ್ದಾದರೂ ಕ್ಲಾಸಿಕಲ್ ಗಿಟಾರ್ ಕೆಲವು ದಿನಕ್ಕೆ ಈಸ್ಕೊಳ್ಳಿ. ಕ್ಲಾಸಿಕಲ್ ಗಿಟಾರಿಗೇ ಸ್ಟೀಲ್ ತಂತಿ ಹಾಕಿ ನೋಡೋಣ ಅಂತ ಮಾತ್ರ ಹೊರಡಬೇಡಿ, ತಂತಿ ಕಟ್ಟುವ ಬ್ರಿಡ್ಜೇ ಕಿತ್ತು ಬರಬಹುದು.

ಯಾರೀ ಮಾತ್ಯೆಯ್ಕಾ?

ವೆನ್ಜೆಲ್ ಮಾತ್ಯೆಯ್ಕಾ ಹುಟ್ಟಿದ್ದು 1773ರಲ್ಲಿ, ಬೊಹೀಮಿಯಾದ ಖೋತ್ಸೆನ್ ಎಂಬ ಊರಲ್ಲಿ. ಈಗ ಅದು ಚೆಕ್ ದೇಶದಲ್ಲಿದೆ. ಪ್ರಾಗ್‌ನಲ್ಲಿ ಕಾನೂನು ಓದಿದ. ಆಮೇಲೆ ವಿಯೆನ್ನಾಕ್ಕೆ ಬಂದು ಪಿಯಾನೋ ಪಾಠ ಹೇಳಿಕೊಂಡು, ಗಿಟಾರಿಗೆ ಬರೆದುಕೊಂಡು, ಮುಂದೆ ಚರ್ಚಿನಲ್ಲಿ ಗಾಯಕರ ತಂಡ ನಡೆಸಿಕೊಂಡು ಬದುಕಿದ. ಸತ್ತಿದ್ದು 1830ರಲ್ಲಿ, ಅದೇ ವಿಯೆನ್ನಾದಲ್ಲಿ. ಅಂದರೆ ಪ್ರಖ್ಯಾತ ರಚನಕಾರರಾದ ಬೀಥೋವನ್ ಮತ್ತು ಶೂಬರ್ಟ್ ಓಡಾಡುತ್ತಿದ್ದ ಬೀದಿಗಳಲ್ಲೇ ಈತನೂ ಓಡಾಡಿದ್ದ.

ಈತ ಎಷ್ಟು ಮರೆತುಹೋಗಿದ್ದ ಅನ್ನೋದಕ್ಕೆ ಒಂದು ಮಜವಾದ ಕಥೆ ಇದೆ. ಕೊಳಲು, ವಯೋಲಾ, ಗಿಟಾರ್ ಮೂರಕ್ಕೆ ಮಾತ್ಯೆಯ್ಕಾ ಒಂದು ನೊಟ್ಟುರ್ನೊ (ಸಂಜೆ ಹೊತ್ತಿನ ಹಗುರ ಸಂಗೀತ) ಬರೆದಿದ್ದ, ಓಪಸ್ 21, ಅಂದರೆ ಪ್ರಕಟವಾದ ಕೃತಿಗಳಲ್ಲಿ ಅದರ ನಂಬರ್. 1814ರಲ್ಲಿ ಶೂಬರ್ಟ್ ಅದನ್ನು ಕೈಯಾರೆ ನಕಲು ಮಾಡಿ, ಒಂದು ಚೆಲ್ಲೋ ಭಾಗ ಸೇರಿಸಿದ. ನೂರು ವರ್ಷದ ಮೇಲೆ, 1918ರಲ್ಲಿ, ಆ ಹಸ್ತಪ್ರತಿ ಸಿಕ್ಕಾಗ ಎಲ್ಲರೂ ಶೂಬರ್ಟನದೇ ಹೊಸ ಕೃತಿ ಸಿಕ್ಕಿತು ಅಂತ ಕುಣಿದಾಡಿದರು. ಮಾತ್ಯೆಯ್ಕಾನ ಹೆಸರಿದ್ದ ಹಳೇ ಮುದ್ರಣ ಕೈಗೆ ಸಿಗುವವರೆಗೂ ಅದು ಶೂಬರ್ಟನ ಕ್ವಾರ್ಟೆಟ್ (ನಾಲ್ಕು ವಾದ್ಯಗಳ ಕೃತಿ) ಆಗಿಯೇ ಓಡಾಡಿತು. ಕೇಳುವವರಿಗೆ ಅನುಮಾನವೇ ಬಾರದಷ್ಟು ಚೆನ್ನಾಗಿ ಬರೆದಿದ್ದಾನೆ, ಅಲ್ವಾ?

ಹೆಸರಿನ ವಿಷಯಕ್ಕೆ ಬರೋಣ, ಯಾಕಂದ್ರೆ ಹುಡುಕುವಾಗ ಇಲ್ಲೇ ಎಲ್ಲರೂ ಎಡವೋದು. ಮುದ್ರಣಗಳಲ್ಲಿ ಎಂ-ಎ-ಟಿ-ಐ-ಇ-ಜಿ-ಕೆ-ಎ ಅಂತ ಇರುತ್ತೆ. ಹಳೇ ಚೆಕ್ ಬರವಣಿಗೆಯಲ್ಲಿ 'ಜಿ' ಅಕ್ಷರಕ್ಕೆ 'ಯ' ಉಚ್ಚಾರಣೆ ಇತ್ತು. ಹಾಗಾಗಿ ಅದು ಮಟಿಯೆಗ್ಕಾ ಅಲ್ಲ, ಮಾತ್ಯೆಯ್ಕಾ. ಈಗಿನ ಚೆಕ್ ಕಾಗುಣಿತ ಎಂ-ಎ-ಟಿ-ಇ-ಜೆ-ಕೆ-ಎ. ಎರಡೂ ಹಾಕಿ ಹುಡುಕಿ.

1. ಯಾವುದರಿಂದ ಶುರು ಮಾಡೋದು?

ಓಪಸ್ 31ರಿಂದ. ಇದರಲ್ಲಿ ಆರು ಸೊನಾಟಾಗಳಿವೆ. ಸುಲಭದಿಂದ ಕಷ್ಟಕ್ಕೆ ಹೋಗುವ ಹಾಗೆ ಕಲಿಯುವವರಿಗೆಂದೇ ಜೋಡಿಸಿದ್ದು. ಮೊದಲನೆಯದನ್ನೇ ತಗೊಳ್ಳಿ. ಇವುಗಳ ಜೊತೆಗೆ ಎರಡು 'ಗ್ರ್ಯಾಂಡ್ ಸೊನಾಟಾ'ಗಳೂ ಇವೆ, ಕೇಳೋಕೆ ಭರ್ಜರಿ, ಆದರೆ ಅವನ್ನು ಈ ವರ್ಷ ಕೇಳಿ, ಮುಂದಿನ ವರ್ಷ ಮುಟ್ಟಿ. ನಾನು ಉಲ್ಟಾ ಮಾಡಿದ್ದೆ.

ಅಮೆರಿಕದ ಗಿಟಾರ್ ವಾದಕ ಡೇವಿಡ್ ಲೈಸ್ನರ್ ಓಪಸ್ 31ರ ಆರನ್ನೂ ರೆಕಾರ್ಡ್ ಮಾಡಿದ್ದಾರೆ. ನೊಟೇಷನ್ ತೆಗೆಯುವ ಮೊದಲು ಒಂದು ವಾರ ಅದನ್ನು ಸುಮ್ನೆ ಕೇಳಿ. ಅಡುಗೆ ಮಾಡುವಾಗ, ಬಸ್ಸಲ್ಲಿ, ಎಲ್ಲಾದರೂ ಸರಿ. ನುಡಿಸುವ ಶೈಲಿ ನಕಲು ಮಾಡೋದಕ್ಕಲ್ಲ ಇದು. ಮೊದಲ ರಾಗಎಳೆ (ಮುಖ್ಯ ಧಾಟಿ) ಬಾಯಲ್ಲಿ ಗುನುಗುವಷ್ಟು ಒಳಗಿಳಿದರೆ ಸಾಕು.

2. ನೊಟೇಷನ್ ಹುಡುಕುವುದು

ದುಡ್ಡು ಕೊಡಬೇಕಿಲ್ಲ. ಇನ್ನೂರು ವರ್ಷದ ಹಳೇ ಮುದ್ರಣ, ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಉಚಿತ ನೊಟೇಷನ್ ಸಿಗುವ ಜಾಲತಾಣ ಐಎಂಎಸ್ಎಲ್‌ಪಿಯಲ್ಲಿ ನೋಡಿ. ಕೋಪನ್‌ಹೇಗನ್‌ನ ರಾಯಲ್ ಲೈಬ್ರರಿಯಲ್ಲಿ ರಿಶೆಲ್ ಮತ್ತು ಬಿರ್ಕೆಟ್-ಸ್ಮಿತ್ ಸಂಗ್ರಹ ಅಂತ ಒಂದಿದೆ, ಸ್ಟಾಕ್‌ಹೋಮ್‌ನಲ್ಲಿ ಬೋಯಿಯೆ ಸಂಗ್ರಹ ಇದೆ. ಎರಡೂ ಹಳೇ ಗಿಟಾರ್ ಮುದ್ರಣಗಳ ಖಜಾನೆ, ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿದ್ದಾರೆ. ಬೆರಳಿನ ಗುರುತು ಹಾಕಿದ ಈಗಿನ ಮುದ್ರಣ ಒಂದಿದ್ದರೆ ಕೆಲಸ ಬೇಗ ಆಗುತ್ತೆ, ಆದರೆ ಹಳೇ ಪ್ರತಿಯೂ ಪಕ್ಕದಲ್ಲಿರಲಿ. ಕಾರಣ ಮುಂದೆ ಗೊತ್ತಾಗುತ್ತೆ.

ಮೊಬೈಲಲ್ಲಿ ನೋಡಿ ಕಲಿಯೋಕೆ ಹೋಗಬೇಡಿ. ಪ್ರಿಂಟ್ ತೆಗೆಸಿ, ಎರಡು ಪ್ರತಿ. ಒಂದೇ ಬದಿಗೆ ಪ್ರಿಂಟ್ ಆಗಿರಲಿ.

3. ಗಿಟಾರ್ ಮುಟ್ಟದೆ, ಪೆನ್ಸಿಲ್ ಹಿಡಿದು

ಇಡೀ ಲೇಖನದಲ್ಲಿ ಒಂದೇ ಹಂತ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಸೊನಾಟಾ ಮೊದಮೊದಲು ವಿಚಿತ್ರ ಅನ್ನಿಸುತ್ತೆ. ನಮ್ಮಲ್ಲಿ ತಂಬೂರಿ ಒಂದು ಷಡ್ಜ ಹಿಡಿದು ಕೂತರೆ ಕಛೇರಿ ಮುಗಿಯುವವರೆಗೂ ಅದೇ ಷಡ್ಜ. ಇಲ್ಲಿ ಷಡ್ಜವೇ ಎದ್ದು ಬೇರೆ ಮನೆಗೆ ಹೋಗುತ್ತೆ. ಮೇಜರ್ ಶ್ರುತಿಯಲ್ಲಿ ಶುರುವಾದರೆ (ಶಂಕರಾಭರಣದಂಥ ಸ್ವರಗಳು) ಸಾಮಾನ್ಯವಾಗಿ ಪಂಚಮದ ಮನೆಗೆ, ಅಂದರೆ ಅಲ್ಲಿವರೆಗೂ ಪಂಚಮ ಆಗಿದ್ದ ಸ್ವರವೇ ಈಗ ಷಡ್ಜ. ಮೈನರ್‌ನಲ್ಲಿ ಶುರುವಾದರೆ (ನಟಭೈರವಿಯಂಥ ಸ್ವರಗಳು) ಹೆಚ್ಚಾಗಿ ಸಾಧಾರಣ ಗಾಂಧಾರದ ಮನೆಗೆ. ಮೊದಲ ಭಾಗದ ಕಥೆ ಇಷ್ಟೇ: ಮನೆಯಲ್ಲಿ ಒಂದು ರಾಗಎಳೆ, ಅಲ್ಲಿಂದ ಒಂದು ಸೇತುವೆ, ಹೊಸ ಮನೆಯಲ್ಲಿ ಇನ್ನೊಂದು ರಾಗಎಳೆ, ಎರಡು ಗೆರೆ ಎಳೆದು ಪುನರಾವರ್ತನೆ. ಆಮೇಲೆ ಊರೂರು ಅಲೆದಾಟ. ಆಮೇಲೆ ಮನೆಗೆ ವಾಪಸ್. ವಾಪಸ್ ಬಂದ ಮೇಲೆ ಎರಡನೇ ರಾಗಎಳೆಯೂ ಮನೆಯಲ್ಲೇ ಕೇಳಿಸುತ್ತೆ.

ತೊಂದರೆ ಇರೋದು ಆ ಸೇತುವೆಯಲ್ಲಿ. ಮೊದಲ ಸಲ ಅದು ಹೊರಗೆ ಕರೆದುಕೊಂಡು ಹೋಗುತ್ತೆ, ಎರಡನೇ ಸಲ ಮನೆಯಲ್ಲೇ ಉಳಿಸಬೇಕು. ಎರಡೂ ಒಂದೇ ತರ ಶುರುವಾಗುತ್ತವೆ. ನೊಟೇಷನ್ ಸಾಲಲ್ಲಿ ಎರಡು ನೆಟ್ಟ ಗೆರೆಗಳ ನಡುವಿನ ತುಂಡಿಗೆ ಮೆಷರ್ ಅಂತಾರೆ. ಎಲ್ಲೋ ಒಂದು ಮೆಷರ್‌ನಲ್ಲಿ ಒಂದೇ ಒಂದು ಸ್ವರ ಬದಲಾಗಿ ದಾರಿ ಕವಲಾಗುತ್ತೆ. ಅರಸೀಕೆರೆಯಲ್ಲಿ ಹಳಿ ಕವಲೊಡೆದ ಹಾಗೆ. ಗಮನಿಸದಿದ್ದರೆ ಹುಬ್ಬಳ್ಳಿಗೆ ಹೊರಟವನು ಹಾಸನದಲ್ಲಿ ಇಳಿಯುತ್ತಾನೆ. ನಾನು ಸ್ನೇಹಿತನ ಮನೆಯಲ್ಲಿ ಮೂರು ಸಲ ಇಳಿದದ್ದು ಅಲ್ಲೇ.

ಹೀಗೆ ಮಾಡಿ. ಒಂದು ಪ್ರತಿಯಲ್ಲಿ ಮೊದಲ ಪುಟ, ಇನ್ನೊಂದು ಪ್ರತಿಯಲ್ಲಿ ಮೊದಲ ರಾಗಎಳೆ ವಾಪಸ್ ಬರುವ ಪುಟ, ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಇಡಿ. ಒಂದೊಂದು ಮೆಷರ್ ಹೋಲಿಸುತ್ತಾ ಬನ್ನಿ. ಒಂದೇ ತರ ಇದ್ದರೆ ಟಿಕ್. ಮೊದಲ ಸಲ ಬೇರೆ ಆದ ಸ್ವರಕ್ಕೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಎರಡೂ ಪುಟದಲ್ಲಿ. ಅದೇ ಕವಲು. ಆ ಜಾಗಕ್ಕೆ ಹೆಸರಿಡಿ. ನಾನು ಮೊದಲ ಪುಟದಲ್ಲಿ 'ಹೊರಟೆ' ಅಂತಲೂ ಎರಡನೆಯದರಲ್ಲಿ 'ಮನೆಗೆ' ಅಂತಲೂ ಬರೆದುಕೊಳ್ಳುತ್ತೇನೆ. ಕೆಲವು ಸೊನಾಟಾಗಳಲ್ಲಿ ವಾಪಸಾತಿ ಮೊಟಕಾಗಿರುತ್ತೆ, ಮೊದಲ ರಾಗಎಳೆ ಪೂರ್ತಿ ಬರೋದೇ ಇಲ್ಲ. ಹಾಗಿದ್ದರೆ ಎಲ್ಲಿ ಕತ್ತರಿಸಿದ್ದಾನೆ ಅಂತ ಗುರುತು ಹಾಕಿ, ಅಷ್ಟೇ ಸಾಕು.

ಈ ಹೋಲಿಕೆಯಲ್ಲಿ ಇನ್ನೊಂದು ಲಾಭ ಇದೆ. ಆ ಕಾಲದಲ್ಲಿ ತಾಮ್ರದ ಅಥವಾ ಸೀಸದಂಥ ಮೆದು ಲೋಹದ ತಗಡಿನ ಮೇಲೆ ಕೈಯಲ್ಲೇ ಕೊರೆದು ಅಚ್ಚು ಹಾಕುತ್ತಿದ್ದರು. ಒಂದು ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ ಗುರುತು) ಬಿಟ್ಟುಹೋಗೋದು ಮಾಮೂಲು. ಮೊದಲ ಪುಟದಲ್ಲಿ ಶಾರ್ಪ್ ಇದ್ದು, ಅದಕ್ಕೆ ಸರಿಯಾದ ಜಾಗದಲ್ಲಿ ಕೊನೆಯ ಪುಟದಲ್ಲಿ ಇಲ್ಲದೆ, ಕಿವಿಗೂ ಒರಟಾಗಿ ಕೇಳಿದರೆ, ಅಚ್ಚಿನ ತಪ್ಪೇ ಇರಬಹುದು. ಹೊಸ ಮುದ್ರಣ ಅದನ್ನು ಹೇಗೆ ಸರಿಮಾಡಿದೆ ನೋಡಿ. ಕೆಲವು ಸಲ ಹೊಸ ಮುದ್ರಣವೇ ಇಲ್ಲದ ತಪ್ಪನ್ನು ತಿದ್ದಿರುತ್ತೆ. ಅದಕ್ಕೇ ಎರಡೂ ಬೇಕು ಅಂದದ್ದು.

4. ದನಿಗಳನ್ನು ಬಿಡಿಸಿ ನುಡಿಸಿ

ಗಿಟಾರ್ ನೊಟೇಷನ್ ಒಂದೇ ಸ್ಟಾಫ್‌ನಲ್ಲಿರುತ್ತೆ, ಬರೆದದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತೆ. ಆ ಒಂದೇ ಸ್ಟಾಫ್‌ನಲ್ಲಿ ಎರಡು ಮೂರು ದನಿ ತುಂಬಿರುತ್ತವೆ. ಕಡ್ಡಿ ಮೇಲಕ್ಕಿದ್ದರೆ ಮೇಲಿನ ದನಿ, ಕೆಳಕ್ಕಿದ್ದರೆ ಬೇಸ್, ಅಂದರೆ ಕೆಳಗಿನ ದನಿ. ಹೀಗೆ ಬಿಡಿಸಿ ಬರೆಯುವುದು ಆಗ ಎಲ್ಲ ಕಡೆ ಇರಲಿಲ್ಲ, ಪಿಟೀಲಿಗೆ ಬರೆದ ಹಾಗೆ ಎಲ್ಲವನ್ನೂ ಒಂದೇ ಸಾಲಲ್ಲಿ ಪೋಣಿಸುತ್ತಿದ್ದರು. ಗಿಟಾರನ್ನು ಗಂಭೀರವಾಗಿ ತಗೊಳ್ಳಿ ಅಂತ ವಿಯೆನ್ನಾದಲ್ಲಿ ದನಿ ಎತ್ತಿದವರಲ್ಲಿ ರಚನಕಾರ ಸೈಮನ್ ಮೊಲಿಟರ್ ಮುಖ್ಯ. 1806ರಲ್ಲಿ ತನ್ನ ದೊಡ್ಡ ಸೊನಾಟಾಗೆ ಉದ್ದನೆಯ ಮುನ್ನುಡಿಯನ್ನೇ ಬರೆದ. ಮಾತ್ಯೆಯ್ಕಾನೂ ಆ ಪೈಕಿ. ಆತ ಪಿಯಾನೋ ಮೇಷ್ಟ್ರು ಅನ್ನೋದನ್ನು ಮರೆಯಬೇಡಿ, ಎಡಗೈ ಬಲಗೈ ಎರಡನ್ನೂ ತಲೆಯಲ್ಲಿ ಇಟ್ಟುಕೊಂಡೇ ಬರೆಯುತ್ತಾನೆ.

ಎಂಟು ಮೆಷರ್ ತಗೊಳ್ಳಿ. ಮೊದಲು ಮೇಲಿನ ದನಿ ಮಾತ್ರ. ಆದರೆ ಕೊನೆಗೆ ಯಾವ ಬೆರಳಲ್ಲಿ ನುಡಿಸುತ್ತೀರೋ ಅದೇ ಬೆರಳಲ್ಲಿ. ಇಲ್ಲದಿದ್ದರೆ ಎರಡು ಸಲ ಕಲಿತ ಹಾಗಾಗುತ್ತೆ. ಆಮೇಲೆ ಬೇಸ್ ಮಾತ್ರ, ಹೆಬ್ಬೆರಳಲ್ಲಿ. ಆಮೇಲೆ ಬೇಸ್ ನುಡಿಸುತ್ತಾ ಮೇಲಿನ ದನಿ ಬಾಯಲ್ಲಿ ಹಾಡಿ. ಮನೆಯವರು ಬೈಯಬಹುದು, ಪರವಾಗಿಲ್ಲ. ಕೊನೆಗೆ ನಡುವಿನ ಸ್ವರಗಳನ್ನು ಸೇರಿಸಿ, ಆದಷ್ಟು ಮೆತ್ತಗೆ. ಒಂದೇ ಕಾರ್ಡ್ ಬಿಡಿ ಬಿಡಿಯಾಗಿ ಉರುಳುವ ಕಡೆಗಳಲ್ಲಿ ತೋರುಬೆರಳು ನಡುಬೆರಳು ಹಿಂದೆ ಇರಲಿ, ಉಂಗುರಬೆರಳು ಮಾತ್ರ ಮುಂದೆ ಬಂದು ಹಾಡಲಿ. ಎಲ್ಲ ಸ್ವರವೂ ಒಂದೇ ಜೋರಲ್ಲಿ ಬಂದರೆ ಟೈಪ್‌ರೈಟರ್ ಕುಟ್ಟಿದ ಹಾಗಿರುತ್ತೆ.

5. ಬೇಸ್ ತಂತಿಯನ್ನು ನಿಲ್ಲಿಸುವುದು ಕಲಿಯಿರಿ

ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನನ್ನದೇ ರೆಕಾರ್ಡಿಂಗ್ ಕೇಳಿ ಗೊತ್ತಾಯಿತು. ಆ ಕಾಲದ ವಿಯೆನ್ನಾದ ಗಿಟಾರ್, ಸ್ಟೌಫರ್ ಅಂಥವರು ಮಾಡುತ್ತಿದ್ದದ್ದು, ಈಗಿನದಕ್ಕಿಂತ ಚಿಕ್ಕದು, ಹಗುರ. ಮೇಲಿನ ಮೂರು ತಂತಿ ಕರುಳಿನವು, ಕೆಳಗಿನ ಮೂರು ರೇಷ್ಮೆ ದಾರಕ್ಕೆ ಲೋಹ ಸುತ್ತಿದ್ದು. ನಾದ ಬೇಗ ಆರಿಹೋಗುತ್ತಿತ್ತು. ಈಗಿನ ದೊಡ್ಡ ಗಿಟಾರಲ್ಲಿ, ಹೊಸ ತಂತಿ ಹಾಕಿದ ದಿನವಂತೂ, ಖಾಲಿ ಬೇಸ್ ತಂತಿ ಮುಂದಿನ ಕಾರ್ಡ್‌ನ ಮೇಲೂ ಗುಂಯ್ ಅನ್ನುತ್ತಲೇ ಇರುತ್ತೆ. ಕಾರ್ಡ್ ಬದಲಾದರೂ ಹಳೇ ಬೇಸ್ ಹೋಗಿರೋದಿಲ್ಲ. ಎಲ್ಲ ಕಲಸುಮೇಲೋಗರ.

ಐದನೇ ತಂತಿಯ ಎ ನುಡಿಸಿ ನಾಲ್ಕನೇ ತಂತಿಯ ಡಿಗೆ ಹೋಗುತ್ತಿದ್ದೀರಿ ಅಂದ್ಕೊಳ್ಳಿ. ಡಿ ನುಡಿಸಿದ ತಕ್ಷಣ ಹೆಬ್ಬೆರಳನ್ನು ಹಿಂದಕ್ಕೆ ತಂದು ಐದನೇ ತಂತಿಯ ಮೇಲೆ ಇಡಿ, ಎ ನಿಂತುಹೋಗುತ್ತೆ. ಉಲ್ಟಾ, ಡಿಯಿಂದ ಎಗೆ ಬರುವಾಗ ಇನ್ನೂ ಸುಲಭ: ಐದನೇ ತಂತಿಯನ್ನು ಮೀಟಿದ ಹೆಬ್ಬೆರಳು ಹಾಗೇ ಹೋಗಿ ನಾಲ್ಕನೇ ತಂತಿಗೆ ಒರಗಲಿ. ಮೀಟೋದೂ ನಿಲ್ಲಿಸೋದೂ ಒಂದೇ ಚಲನೆ. ಬರೀ ಈ ಎರಡನ್ನು ದಿನಾ ಮೂರು ನಿಮಿಷ ಮಾಡಿ. ಎರಡು ವಾರಕ್ಕೆ ಹೆಬ್ಬೆರಳು ತಾನಾಗೇ ಮಾಡುತ್ತೆ. ನೊಟೇಷನ್‌ನಲ್ಲಿ ಬೇಸ್ ದನಿಗೆ ರೆಸ್ಟ್ ಗುರುತು ಇದ್ದ ಕಡೆಯಂತೂ ನಿಲ್ಲಿಸಲೇಬೇಕು, ಅಲ್ಲಿ ಸದ್ದಿಲ್ಲದಿರುವುದೂ ಬರೆದದ್ದೇ.

6. ಕವಲಿನ ಕಸರತ್ತು

ಈಗ ಕೆಂಪು ಸುತ್ತಿಗೆ ವಾಪಸ್. ಕವಲಿಗಿಂತ ಎರಡು ಮೆಷರ್ ಹಿಂದಿನಿಂದ ಶುರು ಮಾಡಿ, 'ಹೊರಟೆ' ದಾರಿಯಲ್ಲಿ ನಾಲ್ಕು ಮೆಷರ್ ಹೋಗಿ ನಿಲ್ಲಿ. ಮತ್ತೆ ಹಿಂದೆ ಬನ್ನಿ, ಈಗ 'ಮನೆಗೆ' ದಾರಿ. ಒಂದಾದ ಮೇಲೊಂದು, ಐದೈದು ಸಲ. ಕವಲಿಗೆ ಬರುವ ಮುಂಚೆ ಯಾವ ದಾರಿ ಅಂತ ಬಾಯಲ್ಲಿ ಹೇಳಬೇಕು. ಹೇಳದೆ ನುಡಿಸಿದರೆ ಲೆಕ್ಕಕ್ಕಿಲ್ಲ. ಆಮೇಲೆ ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು, ಅವರು ಕೊನೇ ಗಳಿಗೆಯಲ್ಲಿ "ಹೊರಗೆ" ಅಥವಾ "ಮನೆಗೆ" ಅಂತ ಕೂಗಲಿ. ನನ್ನ ಮಗಳಿಗೆ ಇದು ಆಟ ಆಗಿಬಿಟ್ಟಿತ್ತು, ಬೇಕಂತಲೇ ತಡವಾಗಿ ಕೂಗುತ್ತಿದ್ದಳು. ಅಷ್ಟು ಒಳ್ಳೆಯ ಅಭ್ಯಾಸ ನನಗೆ ಯಾವ ಕ್ಲಾಸಲ್ಲೂ ಸಿಕ್ಕಿರಲಿಲ್ಲ.

ವೇಗದ ಬಗ್ಗೆ ಎರಡೇ ಮಾತು. ಇಡೀ ಭಾಗದ ಅತಿ ಕಷ್ಟದ ಮೆಷರ್ ಯಾವ ವೇಗದಲ್ಲಿ ಸರಾಗವಾಗಿ ಬರುತ್ತೋ ಆ ವೇಗವೇ ಈ ವಾರದ ವೇಗ. ಮೊದಲ ಸಾಲು ಸುಲಭ ಅಂತ ಜೋರಾಗಿ ಹೊರಟು ಮೂರನೇ ಸಾಲಲ್ಲಿ ಮುಗ್ಗರಿಸೋದು ಬೇಡ.

7. ಓಪಸ್ 23ಕ್ಕೆ ಹೋಗುವ ಮುಂಚೆ ಹೇಡನ್ ಮನೆಗೆ ಹೋಗಿ ಬನ್ನಿ

ಓಪಸ್ 31ರಲ್ಲಿ ಎರಡೋ ಮೂರೋ ಕಲಿತ ಮೇಲೆ, ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಕಲಿಸುವ ಸೊನಾಟಾ ಓಪಸ್ 23, ಬಿ ಮೈನರ್. ಇದರ ಗುಟ್ಟು ಏನಂದ್ರೆ, ಇದು ಆ ಕಾಲದ ದೊಡ್ಡ ರಚನಕಾರ ಹೇಡನ್‌ನ ಬಿ ಮೈನರ್ ಕೀಬೋರ್ಡ್ ಸೊನಾಟಾವನ್ನು ಗಿಟಾರಿಗೆ ಇಳಿಸಿದ್ದು. ಹೇಡನ್ ಪಟ್ಟಿಯಲ್ಲಿ ಅದು ಹದಿನಾರನೇ ಗುಂಪಿನ 32ನೇ ನಂಬರ್. 1770ರ ದಶಕದ ಕೃತಿ. ಪಿಯಾನೋದಲ್ಲಿ ಅದನ್ನು ನುಡಿಸಿದ ರೆಕಾರ್ಡಿಂಗ್ ಬೇಕಾದಷ್ಟಿವೆ, ನೊಟೇಷನ್ ಕೂಡ ಉಚಿತವಾಗಿ ಸಿಗುತ್ತೆ.

ಎರಡನ್ನೂ ಪಕ್ಕ ಪಕ್ಕ ಇಟ್ಟು ಮಾತ್ಯೆಯ್ಕಾ ಏನು ಉಳಿಸಿಕೊಂಡ, ಏನು ಬಿಟ್ಟ, ಏನು ಬದಲಿಸಿದ ಅಂತ ಪೆನ್ಸಿಲ್ಲಲ್ಲಿ ಗುರುತು ಹಾಕಿ. ಗಿಟಾರಿನ ಅತಿ ಕೆಳಗಿನ ಖಾಲಿ ತಂತಿ ಇ. ಪಿಯಾನೋದ ಎಡಗೈ ಅದಕ್ಕಿಂತ ಕೆಳಗಿಳಿದಾಗಲೆಲ್ಲ ಗಿಟಾರಿಗೆ ಒಂದು ಸ್ಥಾಯಿ ಮೇಲೆ ಹೋಗದೆ ವಿಧಿಯಿಲ್ಲ. ಹತ್ತು ಬೆರಳು ಹಿಡಿಯುವ ಕಾರ್ಡನ್ನು ನಾಲ್ಕು ಬೆರಳಿಗೆ ಇಳಿಸುವಾಗ ಯಾವ ಸ್ವರ ಇಲ್ಲದಿದ್ದರೂ ನಡೆಯುತ್ತೆ, ಯಾವುದು ಇರಲೇಬೇಕು ಅಂತ ಆತ ಒಂದೊಂದು ಕಡೆಯೂ ತೀರ್ಮಾನಿಸಬೇಕಾಯಿತು. ಆ ತೀರ್ಮಾನಗಳನ್ನು ಓದುತ್ತಾ ಹೋದರೆ ಈತನ ಸ್ವಂತ ಸೊನಾಟಾಗಳಲ್ಲಿ ಯಾವ ಸ್ವರಕ್ಕೆ ತೂಕ ಕೊಡಬೇಕು ಅಂತ ತಾನಾಗೇ ಹೊಳೆಯುತ್ತೆ.

ಬಿ ಮೈನರ್ ಅಂದ ಕೂಡಲೇ ಎಡಗೈ ನಡುಗೋದು ಸಹಜ. ಷಡ್ಜ ಆದ ಬಿ ಐದನೇ ತಂತಿಯ ಎರಡನೇ ಫ್ರೆಟ್‌ನಲ್ಲಿ, ಪಂಚಮ ಆದ ಎಫ್ ಶಾರ್ಪ್ ಆರನೇ ತಂತಿಯ ಎರಡನೇ ಫ್ರೆಟ್‌ನಲ್ಲಿ. ಬೇಸ್‌ನಲ್ಲಿ ಎರಡಕ್ಕೂ ಖಾಲಿ ತಂತಿ ಇಲ್ಲ, ತೋರುಬೆರಳು ಅಡ್ಡ ಒತ್ತಿಕೊಂಡೇ ಇರಬೇಕು. ನಾದ ಬಿಗಿ, ಮುಚ್ಚಿದ ಹಾಗೆ. ಆಮೇಲೆ ಷಡ್ಜ ಡಿ ಮೇಜರ್ ಮನೆಗೆ ಹೋಗುತ್ತೆ ನೋಡಿ, ಅಲ್ಲಿ ನಾಲ್ಕನೇ ತಂತಿಯ ಡಿ ಖಾಲಿ, ಐದನೇ ತಂತಿಯ ಎ ಖಾಲಿ. ಕಿಟಕಿ ತೆಗೆದ ಹಾಗೆ ಇಡೀ ಗಿಟಾರ್ ಬಿಚ್ಚಿಕೊಳ್ಳುತ್ತೆ. ವಾಪಸ್ ಬಂದಾಗ ಅದೇ ರಾಗಎಳೆ ಬಿ ಮೈನರ್‌ನಲ್ಲಿ, ಮತ್ತೆ ಒತ್ತಿ ಹಿಡಿದ ಬೇಸ್ ಮೇಲೆ. ಪಿಯಾನೋದಲ್ಲಿ ಈ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತೆ, ಗಿಟಾರಲ್ಲಿ ಎಡಗೈಗೇ ಗೊತ್ತಾಗುತ್ತೆ. ಇಲ್ಲಿ ಕವಲು ತಪ್ಪೋದೂ ಕಷ್ಟ. ಕೈ ಹಗುರ ಅನ್ನಿಸಿದರೆ ಹೊರಗಿದ್ದೀರಿ, ನೋಯುತ್ತಿದ್ದರೆ ಮನೆಯಲ್ಲಿದ್ದೀರಿ.

ನೋವು ಕಡಿಮೆ ಮಾಡಿಕೊಳ್ಳೋಕೆ ದಾರಿ ಇದೆ. ಆರೂ ತಂತಿ ಒತ್ತಬೇಡಿ. ಆ ಮೆಷರ್‌ನಲ್ಲಿ ಯಾವ ತಂತಿ ಸದ್ದು ಮಾಡಬೇಕೋ ಅಷ್ಟನ್ನೇ ಒತ್ತಿ. ಬೇಸ್‌ಗೆ ರೆಸ್ಟ್ ಇದ್ದ ಕಡೆ ಅಡ್ಡ ಹಿಡಿದ ಬೆರಳನ್ನು ಅರ್ಧ ಎತ್ತಿ ಉಸಿರಾಡಲು ಬಿಡಿ. ಹೆಬ್ಬೆರಳಿಂದ ಹಿಂಡೋದು ಬೇಡ, ತೋಳಿನ ಭಾರವೇ ಸ್ವಲ್ಪ ಹಿಂದಕ್ಕೆ ಎಳೆಯಲಿ. ಹತ್ತು ನಿಮಿಷಕ್ಕೊಮ್ಮೆ ಕೈ ಕೆಳಗೆ ಬಿಟ್ಟು ಕೊಡವಿ. ಸುಸ್ತು ಬೇರೆ, ಚುಚ್ಚುವ ನೋವು ಬೇರೆ. ಎರಡನೆಯದು ಬಂದರೆ ಆ ದಿನಕ್ಕೆ ಗಿಟಾರ್ ಒಳಗಿಡಿ.

8. ನುಡಿಸಿ ತೋರಿಸುವ ದಿನ

ಮೊದಲ ಸಲ ಪೂರ್ತಿ ಸೊನಾಟಾ ಬೇಡ, ಒಂದು ಭಾಗ ಸಾಕು. ಮೊದಲ ಭಾಗದ ಪುನರಾವರ್ತನೆ ಬಿಡಬೇಡಿ. ಕೇಳುವವರಿಗೆ ಈ ಸಂಗೀತ ಹೊಸದು, ರಾಗಎಳೆ ಎರಡನೇ ಸಲ ಕೇಳಿದಾಗಲೇ ಅವರಿಗೆ ಪರಿಚಯ ಆಗೋದು. ಎರಡನೇ ಸಲ ಸ್ವಲ್ಪ ಮೆತ್ತಗೆ ನುಡಿಸಿದರೆ ಮರುಪ್ರಸಾರದ ಹಾಗೆ ಕೇಳಿಸೋದಿಲ್ಲ. ಮಿನುಯೆಟ್ (ಮೂರೆಣಿಕೆಯ ನೃತ್ಯದ ಭಾಗ) ಇದ್ದರೆ, ಅದರ ನಡುವೆ ಬರುವ ಟ್ರಿಯೋ ಮುಗಿಸಿ ಮತ್ತೆ ಮಿನುಯೆಟ್‌ಗೆ ಬಂದಾಗ ಮಾತ್ರ ಪುನರಾವರ್ತನೆ ಇಲ್ಲದೆ ನೇರ ಹೋಗಿ.

ಹಿಂದಿನ ದಿನ ಫೋನಲ್ಲಿ ಒಂದೇ ಒಂದು ಸಲ ರೆಕಾರ್ಡ್ ಮಾಡಿ, ತಪ್ಪಿದರೂ ನಿಲ್ಲಿಸದೆ. ತಪ್ಪಿದ ಮೇಲೆ ಎಷ್ಟು ಬೇಗ ದಾರಿಗೆ ಬಂದಿರಿ ಅಂತ ಮಾತ್ರ ಕೇಳಿ ನೋಡಿ. ಅಂಗೈ ಅಗಲದ ಚೀಟಿಯಲ್ಲಿ ನಕ್ಷೆ ಬರೆದು ಕಾಲ ಬಳಿ ಇಟ್ಟುಕೊಂಡರೆ ಯಾರೂ ಏನೂ ಅನ್ನೋದಿಲ್ಲ. ನನ್ನದರಲ್ಲಿ ಈಗಲೂ ಎರಡೇ ಸಾಲು ಇರುತ್ತೆ: ಕವಲಿನ ಮೆಷರ್ ನಂಬರ್, ಅದರ ಮುಂದೆ ಕೆಂಪಕ್ಷರದಲ್ಲಿ 'ಮನೆಗೆ'.

ಮುಂದೆ ಏನು ಅಂತ ಕೇಳುವವರಿಗೆ: ಅದೇ ವಿಯೆನ್ನಾದ ಡಿಯಾಬೆಲ್ಲಿ ಬರೆದ ಓಪಸ್ 29ರ ಮೂರು ಸೊನಾಟಾಗಳು. ಬೀಥೋವನ್ 33 ವೇರಿಯೇಷನ್ (ಒಂದೇ ಧಾಟಿಯ ಬೇರೆ ಬೇರೆ ರೂಪ) ಬರೆದದ್ದು ಈತನ ವಾಲ್ಟ್ಸ್ ನೃತ್ಯದ ಧಾಟಿಯ ಮೇಲೆಯೇ. ಅಲ್ಲೂ ಪ್ರಿಂಟ್ ಎರಡು ಪ್ರತಿ ತೆಗೆಸಿ.